ವಿಕಿಪೀಡಿಯದಲ್ಲಿ ನಮ್ಮ ವಿದ್ಯಾರ್ಥಿಗಳು: ಒಂದು ವಿಮರ್ಶೆ

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಪ್ರಥಮ ಸಂಪುಟ 1969ರಲ್ಲಿ ಹೊರಬಂದಿತು. ಅಲ್ಲಿ ವಿದ್ವಾಂಸರು ಬರೆದುದನ್ನು ಸಂಪಾದಕರು ಪರಿಶೀಲಿಸಿದ ಮೇಲೆ ಅಚ್ಚಿಗೆ ಕಳುಹಿಸುತ್ತಿದ್ದರು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಮೊದಲು ಪ್ರಕಟಣೆ, ಅನಂತರ ಪರಿಶೀಲನೆ. ಇಂಥ ಕಾರ್ಯಕ್ಕೆ ನಮ್ಮ ಕಾಲೇಜುಗಳು ವಿದ್ಯಾರ್ಥಿಗಳನ್ನು ತೊಡಗಿಸುತ್ತಿರುವುದು ಸ್ವಾಗತಾರ್ಹವೇ. ಆದರೆ ತೊಡಗಿಸುವ ರೀತಿ ಸರಿಯಾಗಿದೆಯೆ ಎಂಬುದು ವಿಚಾರಣೀಯ.

ಎಚ್ಚರಿಕೆಗೆ ಒಂದು ನಿದರ್ಶನವುಂಟು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯುವ ಪ್ರಯೋಗವೊಂದು ನಡೆಯಿತು. ಅನೇಕರು ಅನ್ಯರ ಬರಹವನ್ನು ಇದ್ದಕ್ಕಿದ್ದ ಹಾಗೆ ಎತ್ತಿ ಸೇರಿಸಿದರು. ಅದನ್ನು ಹುಡುಕಿ ತೆಗೆಯುವ ಭಾರ ಹಳೆಯ ಸಂಪಾದಕರ ಮೇಲೆ ಬಿದ್ದಿತು; ಪ್ರಯೋಗವು ಆ ವರ್ಷವೇ ನಿಂತುಹೋಯಿತು. ಇದರಲ್ಲಿ ವಿದ್ಯಾರ್ಥಿಗಳನ್ನಷ್ಟೇ ದೂಷಿಸುವುದು ನ್ಯಾಯವಲ್ಲ. ಟಿಪ್ಪಣಿಯನ್ನು ನಕಲುಮಾಡಿ ಅಂಕ ಪಡೆಯುವ ಅಭ್ಯಾಸವನ್ನು ತರಗತಿಯಲ್ಲಿ ಸಹಿಸಿದವರು ನಾವೇ ಅಲ್ಲವೆ?

ಈ ಲೇಖಕನೂ ಆ ದೋಷಕ್ಕೆ ಹೊರತಲ್ಲ. ಮೊದಲ ವರ್ಷ ತರಗತಿಯ ಪ್ರತಿಯೊಬ್ಬರೂ ಎಂಟುನೂರು ಪದಗಳ ಹೊಸ ಲೇಖನವೊಂದನ್ನು ಬರೆಯತಕ್ಕದ್ದೆಂದು ವಿಧಿಸಿದ್ದೆನು. ಹಲವರು ಇಂಗ್ಲಿಷ್ ಲೇಖನಗಳನ್ನು ಯಂತ್ರದಿಂದ ಭಾಷಾಂತರಿಸಿ ತಂದರು. ತನ್ನ ಊರಿನ ದೇವಾಲಯವನ್ನು ಕುರಿತು ಶ್ರದ್ಧೆಯಿಂದ ಬರೆದಿದ್ದ ವಿದ್ಯಾರ್ಥಿನಿಯೊಬ್ಬಳ ಲೇಖನವು ಆಧಾರಗಳಿಲ್ಲವೆಂಬ ಕಾರಣದಿಂದ ಮರುದಿನವೇ ಅಳಿಸಿಹೋಯಿತು. ಯಂತ್ರದ ಕನ್ನಡ ಉಳಿಯಿತು. ಅವಳು ಮತ್ತೆ ಆ ಕಡೆಗೆ ಸುಳಿಯಲಿಲ್ಲ. ಆಧಾರವೆಂದರೇನೆಂಬುದನ್ನು ನಾನು ಮೊದಲೇ ತಿಳಿಸಿದ್ದರೆ ಒಬ್ಬ ಬರಹಗಾರ್ತಿ ಕನ್ನಡಕ್ಕೆ ಉಳಿಯುತ್ತಿದ್ದಳು.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ವಿಶೇಷವಾದ ತೊಡಕೊಂದಿದೆ. ತರಗತಿಯಲ್ಲಿ ನಾವು ಸ್ವಂತ ತೀರ್ಮಾನವನ್ನು ಮೆಚ್ಚುತ್ತೇವೆ. ವಿಕಿಪೀಡಿಯವು ಅಪ್ರಕಟಿತ ಸಂಶೋಧನೆಯನ್ನು ಒಪ್ಪುವುದಿಲ್ಲ. ಹಲ್ಮಿಡಿ ಶಾಸನದ ಉದಾಹರಣೆಯನ್ನೇ ನೋಡಬಹುದು. ಅದರಲ್ಲಿ ಕಾಲದ ನಿರ್ದೇಶವಿಲ್ಲ, ಕ್ರಿ.ಶ. ಸುಮಾರು 450 ಎಂಬುದು ವಿದ್ವಾಂಸರ ಊಹೆ. ತಾಳಗುಂದದಲ್ಲಿ 2013-14ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವು ಕ್ರಿ.ಶ. 370ರದೆಂಬ ವಾದವೂ ಇದೆ. ಉತ್ಸಾಹಿಯಾದ ವಿದ್ಯಾರ್ಥಿಯು ಒಂದನ್ನು ಅಳಿಸಿ ಇನ್ನೊಂದನ್ನು ಬರೆದುಬಿಡುತ್ತಾನೆ. ಅವನು ಮಾಡಬೇಕಾದುದು ಅದಲ್ಲ. ಯಾರು, ಎಲ್ಲಿ, ಯಾವ ಆಧಾರದಿಂದ ಹೇಳಿದರೆಂಬುದನ್ನು ನಮೂದಿಸಿ ಎರಡು ಮತಗಳನ್ನೂ ಓದುಗರ ಮುಂದಿಡಬೇಕು. ಹೀಗೆ ತೀರ್ಪನ್ನು ತಡೆಹಿಡಿಯುವುದೂ ಇತಿಹಾಸಕಾರನ ಶಿಕ್ಷಣವೇ.

ಮಾರ್ಗದರ್ಶನವು ಚಿಕ್ಕ ಕೆಲಸದಿಂದ ಆರಂಭವಾಗುವುದು ಲೇಸು. ಮೊದಲು ಕಾಗುಣಿತದ ತಪ್ಪೊಂದನ್ನು ತಿದ್ದಲಿ. ಅನಂತರ ಆಧಾರವಿಲ್ಲದ ವಾಕ್ಯಕ್ಕೆ ಗ್ರಂಥವನ್ನೂ ಪುಟಸಂಖ್ಯೆಯನ್ನೂ ಸೇರಿಸಲಿ. ಆ ಮೇಲೆ ತನ್ನ ಪ್ರಯೋಗಪುಟದಲ್ಲಿ ನಾಲ್ಕು ವಾಕ್ಯ ಬರೆದು ಇತರರ ಅಭಿಪ್ರಾಯ ಕೇಳಲಿ. ಪ್ರತಿಯೊಂದು ಲೇಖನದ ಬೆನ್ನಿಗಿರುವ ಇತಿಹಾಸಪುಟವನ್ನು ಓದಲು ಕಲಿಸುವುದಂತೂ ಅವಶ್ಯ. ಯಾವ ಬದಲಾವಣೆ ಯಾವಾಗ, ಯಾರ ಹೆಸರಿನಲ್ಲಿ ಆಯಿತೆಂಬುದು ಅಲ್ಲಿ ದಾಖಲಾಗಿರುತ್ತದೆ. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಿದ ನಮ್ಮ ಗ್ರಂಥಸಂಪಾದಕರಿಗೆ ಇಂಥ ಸೌಲಭ್ಯ ಎಲ್ಲಿತ್ತು?

ಅಂಕಗಳನ್ನು ಪದಗಳ ಎಣಿಕೆಗೆ ಕೊಡಬಾರದು. ಆಧಾರಗಳ ಯೋಗ್ಯತೆಗೂ, ಚರ್ಚಾಪುಟದಲ್ಲಿ ಆಕ್ಷೇಪಕ್ಕೆ ಸಮಾಧಾನ ಹೇಳಿದ ರೀತಿಗೂ ಕೊಡಬೇಕು. ಹಳೆಯ ಸಂಪಾದಕರಿಗೂ ಒಂದು ವಿಜ್ಞಾಪನೆ: ಅಳಿಸುವುದಕ್ಕೆ ಮೊದಲು ಕಾರಣವನ್ನು ಎರಡು ಸಾಲಿನಲ್ಲಿ ತಿಳಿಸಿದರೆ ಹೊಸಬರು ಹಿಂಜರಿಯಲಾರರು. ಅವರ ಕಾಲವೂ ವಿರಳ, ಅವರೂ ವೇತನವಿಲ್ಲದೆ ದುಡಿಯುವವರು ಎಂಬುದನ್ನು ವಿದ್ಯಾರ್ಥಿಗಳೂ ಅರಿಯಬೇಕು.

ಇಂಗ್ಲಿಷಿನಲ್ಲಿ ತಪ್ಪೊಂದು ನುಸುಳಿದರೆ ತಿದ್ದುವವರು ಬಹುಮಂದಿ. ಕನ್ನಡದಲ್ಲಿ ಅದು ವರ್ಷಗಟ್ಟಲೆ ನಿಂತು, ಅಲ್ಲಿಂದ ಪರೀಕ್ಷೆಯ ಉತ್ತರಪತ್ರಿಕೆಗೂ ವೃತ್ತಪತ್ರಿಕೆಗೂ ಇಳಿಯಬಲ್ಲುದು. ಆದಕಾರಣ ವಿದ್ಯಾರ್ಥಿಯನ್ನು ಈ ಕಾರ್ಯಕ್ಕೆ ಕಳುಹಿಸುವ ಅಧ್ಯಾಪಕನು ತಾನೇ ಮೊದಲು ಒಂದು ಲೇಖನವನ್ನು ತಿದ್ದಿ, ಇತರರಿಂದ ತಿದ್ದಿಸಿಕೊಂಡಿರಬೇಕು. ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸಲಾಗದು.