ದಾಖಲಾದರೆ ಉಚಿತ

2024ರ ಅಕ್ಟೋಬರ್ 29ರಂದು ಎಪ್ಪತ್ತು ತುಂಬಿದವರಿಗೆಲ್ಲ ಆಯುಷ್ಮಾನ್ ವಯ ವಂದನಾ ಕಾರ್ಡು ಬಂತು. ಆದಾಯ ಕೇಳುವುದಿಲ್ಲ, ಹಳೆಯ ಕಾಯಿಲೆಗೆ ಕಾಯಿಸುವುದಿಲ್ಲ, ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ. ಖಾಸಗಿ ವಿಮೆಯವರು ಬಾಗಿಲಲ್ಲೇ ತಡೆಯುತ್ತಿದ್ದ ವಯಸ್ಸಿಗೆ ಇದು ಸಣ್ಣ ಮಾತಲ್ಲ. ಆದರೆ ಪುಣೆಯಲ್ಲಿ ಈ ಕಾರ್ಡು ಹಿಡಿದು ‘ಪ್ಯಾನೆಲ್‌ನಲ್ಲಿರೋ ಆಸ್ಪತ್ರೆ ಯಾವುದು’ ಎಂದು ಹುಡುಕುವವರಿಗೆ ಸಿಗುವುದು ಹಾಸಿಗೆಗಳ ಪಟ್ಟಿ. ದಾಖಲಾಗದೆ ವೈದ್ಯರನ್ನು ಕಾಣುವ ಓಪಿಡಿಯಲ್ಲಿ ಕಾರ್ಡಿಗೆ ಬೆಲೆಯಿಲ್ಲ.

ಹೃದಯ ಸೋತ ಹಿರಿಯರೊಬ್ಬರ ವಿಷಯ ನೋಡಿ. ಮೊದಲು ಕಣಕಾಲು ಊದುತ್ತದೆ. ಮೂರ್ನಾಲ್ಕು ದಿನದಲ್ಲಿ ತೂಕ ಎರಡು ಕಿಲೋ ಏರುತ್ತದೆ, ರಾತ್ರಿ ಮಲಗಲು ಎರಡು ದಿಂಬೂ ಸಾಲದು. ಊತ ಕಂಡಾಗಲೇ ವೈದ್ಯರು ನೀರಿಳಿಸುವ ಮಾತ್ರೆ ಹೆಚ್ಚಿಸಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಆ ಭೇಟಿ, ಆ ಮಾತ್ರೆ, ಆ ರಕ್ತಪರೀಕ್ಷೆಗೆ ಕೈಯಿಂದ ದುಡ್ಡು. ಉಸಿರು ಕಟ್ಟಿ ಐಸಿಯು ಸೇರಿದರೆ ಉಚಿತ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧಿ ಯೋಜನೆಯ ಲೆಕ್ಕಕ್ಕೆ, ಹದಿನಾರನೆಯ ದಿನದಿಂದ ಮತ್ತೆ ಮಗನ ಜೇಬಿಗೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಪಾಡೂ ಇದೇ: ಡ್ರೆಸ್ಸಿಂಗಿಗೆ ಹಣವಿಲ್ಲ, ಬೆರಳು ಕತ್ತರಿಸುವುದಕ್ಕೆ ಇದೆ.

ಪಾಲಿಕೆಯ ದವಾಖಾನೆ ಇದೆಯಲ್ಲ, ಆರೋಗ್ಯ ಮಂದಿರ ಇದೆಯಲ್ಲ ಎನ್ನಬಹುದು. ಇವೆ, ನಿಜ. ಆದರೆ ಈ ಕಾರ್ಡಿನಿಂದ ಆಸ್ಪತ್ರೆಗೆ ಹಣ ಬರುವುದು ದಾಖಲಾತಿಯ ಪ್ಯಾಕೇಜಿನ ಲೆಕ್ಕದಲ್ಲಿ. ರೋಗಿ ಮರಳಿ ಬರದಂತೆ ನೋಡಿಕೊಂಡ ಆಸ್ಪತ್ರೆಗೆ ದಕ್ಕುವುದೇನು? ಅಮೆರಿಕದಲ್ಲಿ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ 2012ರಿಂದಲೇ, ಹೃದಯವೈಫಲ್ಯದಂಥ ಕೆಲವು ಕಾಯಿಲೆಗಳವರು 30 ದಿನದೊಳಗೆ ಮತ್ತೆ ದಾಖಲಾಗುವುದು ಅತಿಯಾದರೆ ಆಸ್ಪತ್ರೆಯ ಹಣ ಕಡಿತ ಮಾಡುತ್ತಿದೆ.

ಅಷ್ಟು ದೂರವೂ ಬೇಡ. ಪುಣೆ ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ. ಇಲ್ಲೇ ನೆಲೆಸಿದ ಮಾಜಿ ಸೈನಿಕರಿಗೆ 2003ರ ಏಪ್ರಿಲ್‌ನಿಂದ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ಅಲ್ಲಿ ಸಾಮಾನ್ಯವಾಗಿ ಮೊದಲು ಪಾಲಿಕ್ಲಿನಿಕ್, ಆಮೇಲೆ ರೆಫರಲ್, ಆಮೇಲೆ ಪ್ಯಾನೆಲ್ ಆಸ್ಪತ್ರೆ. ಬಿಪಿ, ಶುಗರಿನ ಮಾತ್ರೆ ತಿಂಗಳು ತಿಂಗಳು ಪಾಲಿಕ್ಲಿನಿಕ್ಕಿನಲ್ಲೇ. ಕುಂದುಗಳಿಲ್ಲವೆಂದಲ್ಲ: ಸರದಿ ಉದ್ದ, ಕೆಲವು ಮಾತ್ರೆಗೆ ‘ಎನ್‌ಎ’ (ಲಭ್ಯವಿಲ್ಲ) ಎಂಬ ಮುದ್ರೆ, ಬಿಲ್ಲು ಬಾಕಿಯೆಂದು ಆಸ್ಪತ್ರೆಗಳ ಗೊಣಗಾಟ. ಹಾಗಿದ್ದೂ ಈ ವ್ಯವಸ್ಥೆಯ ಹೊಸ್ತಿಲಲ್ಲಿ ಒಬ್ಬ ವೈದ್ಯರಿದ್ದಾರೆ. ನನ್ನ ಮಟ್ಟಿಗೆ 5 ಲಕ್ಷಕ್ಕಿಂತ ಅದು ದೊಡ್ಡದು.

ಇಸಿಎಚ್‌ಎಸ್ ಅಥವಾ ಕೇಂದ್ರ ಸರ್ಕಾರಿ ನೌಕರರ ಸಿಜಿಎಚ್‌ಎಸ್ ಇರುವ ಹಿರಿಯರು ಅದನ್ನು ಉಳಿಸಿಕೊಳ್ಳಬಹುದು, ಇಲ್ಲವೇ ಆಯುಷ್ಮಾನ್ ಆರಿಸಿಕೊಳ್ಳಬಹುದು; ಎರಡೂ ಸಿಗುವುದಿಲ್ಲ. ಹೊಸ ಕಾರ್ಡಿನ ಆಸೆಗೆ ಪಾಲಿಕ್ಲಿನಿಕ್ ಬಿಟ್ಟುಕೊಡಬೇಡಿ.