ಆರಿದ ಜ್ವಾಲೆಯ ಸಾಕ್ಷ್ಯ

ದೋಣಿಯ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಕೆಟ್ಟು ನಿಂತಾಗ ಅದರ ದೋಷವನ್ನು ಕಂಡುಹಿಡಿಯುವುದಕ್ಕೆಂದು ತಯಾರಕರ ಕೈಪಿಡಿಗಳ ಕೊನೆಯಲ್ಲಿ ಎಡಕ್ಕೆ ಲಕ್ಷಣ, ಬಲಕ್ಕೆ ಪರಿಹಾರ ಎಂಬ ಕ್ರಮದ ಪಟ್ಟಿಯೊಂದನ್ನು ಮುದ್ರಿಸುವುದು ವಾಡಿಕೆ. ಕುಶಲರಾದ ಮೆಕ್ಯಾನಿಕರಲ್ಲಿಯೂ ಈ ಪಟ್ಟಿಗೆ ಶಾಸ್ತ್ರಗ್ರಂಥಕ್ಕೆ ಸಲ್ಲತಕ್ಕ ಗೌರವ ಸಲ್ಲುತ್ತಿದೆ. ಆ ಗೌರವವು ಅದರ ಯೋಗ್ಯತೆಯನ್ನು ಬಹುವಾಗಿ ಮೀರಿದ್ದೆಂದೂ, ಪಟ್ಟಿಯ ಅತ್ಯಂತ ಪ್ರಸಿದ್ಧವಾದ ಸಾಲೇ ಅದರ ಅತ್ಯಂತ ದುರ್ಬಲವಾದ ಸಾಲೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ನಮ್ಮ ಮೆಟ್ಟೂರಿನವರಿಗೆ ಇದು ದೂರದ ವಿಷಯವೆಂದು ತೋರಬಹುದು. 1934ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ಹಬ್ಬಿರುವ ಸ್ಟ್ಯಾನ್ಲಿ ಜಲಾಶಯದಲ್ಲಿ ಬಲೆ ಬಿಡುವ ಹರಿಗೋಲುಗಳಿಗೆ ಮಾಡೂ ಇಲ್ಲ, ಬಚ್ಚಲೂ ಇಲ್ಲ. ದೋಣಿಯ ಗೀಸರಿಗೆ ಹೆಸರಾದ ನೆಲೆ ಇಂಗ್ಲೆಂಡಿನ ಕಾಲುವೆಗಳಲ್ಲಿ ಸಂಚರಿಸುವ ನೀಳವಾದ ದೋಣಿಗಳು. ಆದರೆ ಅದೇ ಜಾತಿಯ ಯಂತ್ರವು ಇಂದು ನಮ್ಮ ಊರುಗಳ ಇಕ್ಕಟ್ಟಾದ ಬಚ್ಚಲಮನೆಗಳನ್ನೂ ಸೇರಿರುವುದರಿಂದ, ಮತ್ತು ಬಚ್ಚಲಮನೆಯ ಅಪಾಯಗಳೆಲ್ಲ ದೋಣಿಯ ಕೋಣೆಯಲ್ಲಿ ಇನ್ನಷ್ಟು ಸಾಂದ್ರವಾಗಿ ಕೂಡಿಕೊಂಡಿರುವುದರಿಂದ, ಅಲ್ಲಿ ತಪ್ಪಾಗಿ ನಡೆಯುವ ರೋಗನಿದಾನ ಇಲ್ಲಿಯೂ ತಪ್ಪಾಗಿಯೇ ನಡೆಯುತ್ತದೆ.

ಪಟ್ಟಿಯಲ್ಲಿ ಗುಣವೇ ಇಲ್ಲವೆಂದು ನಾನು ಹೇಳಲಾರೆ. ನೀರಿನ ಜಾಲರಿ ಕಟ್ಟಿಕೊಂಡಿದೆಯೆ, ಡಯಾಫ್ರಮ್ ಹರಿದಿದೆಯೆ, 12 ವೋಲ್ಟಿನ ಪಂಪು ಬಿಟ್ಟುಬಿಟ್ಟು ತಳ್ಳುವುದರಿಂದ ಬರ್ನರ್ ಹೊತ್ತುತ್ತಲೂ ಆರುತ್ತಲೂ ಇದೆಯೆ ಎಂಬಿವೇ ಮೊದಲಾದ ಪ್ರಶ್ನೆಗಳಲ್ಲಿ ಅದು ನಂಬತಕ್ಕ ಮಾರ್ಗದರ್ಶಿ. ನೀರಿನ ಪಾರ್ಶ್ವದಲ್ಲಿ ಅದಕ್ಕೆ ಸಲ್ಲುವ ಮನ್ನಣೆ ನ್ಯಾಯವಾದದ್ದು. ಅದು ಎಡವುವುದು ಬೆಂಕಿಯ ಪಾರ್ಶ್ವದಲ್ಲಿ.

ಪೈಲಟ್ ಜ್ವಾಲೆ, ಎಂದರೆ ಬರ್ನರನ್ನು ಹೊತ್ತಿಸುವ ಕಿರುಜ್ವಾಲೆ, ನಿಲ್ಲದಿದ್ದರೆ ಥರ್ಮೋಕಪಲ್ ಬದಲಾಯಿಸತಕ್ಕದ್ದೆಂಬ ಅರ್ಥದ ಸಾಲನ್ನು ಪರಿಶೀಲಿಸೋಣ. ಥರ್ಮೋಕಪಲ್ ಎಂಬುದು ಎರಡು ಭಿನ್ನ ಲೋಹಗಳ ಸಂಧಿ. ಜ್ವಾಲೆಯಲ್ಲಿ ಕಾದಾಗ ಅದು ಸುಮಾರು 20ರಿಂದ 30 ಮಿಲಿವೋಲ್ಟುಗಳಷ್ಟು ಅತ್ಯಲ್ಪ ವಿದ್ಯುತ್ತನ್ನು ಹುಟ್ಟಿಸಿ, ಆ ಬಲದಿಂದಲೇ ಗ್ಯಾಸಿನ ಕವಾಟವನ್ನು ಒಂದು ಕಾಂತದ ಮೂಲಕ ತೆರೆದಿಟ್ಟಿರುತ್ತದೆ. ಜ್ವಾಲೆ ಆರಿದರೆ ಸಂಧಿ ತಣ್ಣಗಾಗಿ ಕಾಂತ ತನ್ನ ಹಿಡಿತವನ್ನು ಬಿಡುತ್ತದೆ, ಗ್ಯಾಸು ನಿಲ್ಲುತ್ತದೆ. ಹೀಗಿರುವಾಗ ಜ್ವಾಲೆ ನಿಲ್ಲದಿರುವುದಕ್ಕೆ ಸಂಧಿ ಸವೆದಿರುವುದು ಒಂದು ಕಾರಣವೇ ಹೊರತು ಏಕೈಕ ಕಾರಣವಲ್ಲ. ಪೈಲಟ್ಟಿನ ಸೂಕ್ಷ್ಮರಂಧ್ರದಲ್ಲಿ ಜೇಡನ ನೂಲೋ ಧೂಳೋ ಸೇರಿ ಜ್ವಾಲೆ ಕುಗ್ಗಿರಬಹುದು. ಕವಾಟದ ಬಳಿಯ ನಟ್ ಸಡಿಲಗೊಂಡಿರಬಹುದು. ಸಿಲಿಂಡರ್ ಬರಿದಾಗುತ್ತ ಬಂದಿರಬಹುದು. ಹೊಗೆಕೊಳವೆಯಿಂದ ಗಾಳಿ ಹಿಮ್ಮುಖವಾಗಿ ಇಳಿಯುತ್ತಿರಬಹುದು.

ಇವೆಲ್ಲಕ್ಕಿಂತ ಗುರುತರವಾದ ಕಾರಣವೊಂದುಂಟು. ಕೆಲವು ಗೀಸರುಗಳ ಪೈಲಟ್ಟನ್ನು ಬೇಕೆಂದೇ ಸೂಕ್ಷ್ಮವಾಗಿ ರಚಿಸಿರುತ್ತಾರೆ. ಕೋಣೆಯ ಆಮ್ಲಜನಕವು ಸಹಜವಾದ ಶೇಕಡ 21ರಿಂದ ಸುಮಾರು 18ರ ಕಡೆಗೆ ಇಳಿಯುವಷ್ಟರಲ್ಲಿ ಜ್ವಾಲೆ ತನ್ನ ಸ್ಥಾನದಿಂದ ಮೇಲೆದ್ದು ಸಂಧಿಯನ್ನು ಮುಟ್ಟದೆ ಹೋಗುತ್ತದೆ, ಕವಾಟ ಮುಚ್ಚುತ್ತದೆ. ಇಲ್ಲಿ ಯಂತ್ರ ಕೆಟ್ಟಿಲ್ಲ. ತನ್ನ ಧರ್ಮವನ್ನು ಪರಿಪಾಲಿಸಿದೆ. ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆ, ಜ್ವಾಲೆ ಯಾವಾಗ ಆರಿತು ಎಂಬುದು. ಹೊತ್ತಿಸುವಾಗ ಒತ್ತಿಹಿಡಿದ ಗುಂಡಿಯಿಂದ ಬೆರಳೆತ್ತಿದೊಡನೆ ಆರಿದರೆ ಸಂಧಿಯನ್ನೂ ನಟ್ಟನ್ನೂ ಸಂಶಯಿಸಬಹುದು. ಸ್ನಾನ ಅರ್ಧವಾಗುವ ತನಕ ಚೆನ್ನಾಗಿ ಉರಿದು ಆಮೇಲೆ ಆರಿದರೆ, ಬಾಗಿಲನ್ನು ತೆರೆದಿಟ್ಟು ಪರೀಕ್ಷಿಸಿದಾಗ ಆರದಿದ್ದರೆ, ಸಂಶಯಿಸಬೇಕಾದದ್ದು ಕೋಣೆಯ ಗಾಳಿಯನ್ನು. ಎರಡು ಅಂಕಣಗಳ ಪಟ್ಟಿಯಲ್ಲಿ ಈ ಕಾಲಭೇದಕ್ಕೆ ಸ್ಥಳವೇ ಇಲ್ಲ. ಇದು ಮುದ್ರಣದ ಕೊರತೆಯಲ್ಲ, ವಿಚಾರದ ಕೊರತೆ.

ಇಲ್ಲಿ ನನ್ನನ್ನು ವಿರೋಧಿಸುವ ಎರಡು ಪಕ್ಷಗಳಿವೆ. ದೋಣಿಯೆಂದರೆ ಬಯಲಿನಲ್ಲಿರುವ ವಸ್ತು, ಸುತ್ತಲೂ ಗಾಳಿಯಿರುವಾಗ ಒಳಗೆ ಗಾಳಿಗೆ ಅಭಾವವೆಲ್ಲಿಯದು ಎಂಬುದು ಮೊದಲ ಪಕ್ಷ. ಆಷಾಢದಲ್ಲಿ ನಮ್ಮ ಜಲಾಶಯದ ಮೇಲೆ ಬೀಸುವ ಗಾಳಿಯನ್ನು ದಡದಲ್ಲಿ ನಿಂತು ಕಂಡವರು ಈ ಮಾತನ್ನು ಆಡಲಾರರು. ಬಿರುಸಾದ ಗಾಳಿಗೆ ಜನರು ಕಿಟಕಿ ಮುಚ್ಚುತ್ತಾರೆ, ಗಾಳಿಕಂಡಿಗೆ ಬಟ್ಟೆ ತುರುಕುತ್ತಾರೆ. ಅದೇ ಗಾಳಿ ಹೊಗೆಕೊಳವೆಯ ಬಾಯನ್ನು ಒತ್ತಿ ಹೊಗೆಯನ್ನು ಕೋಣೆಯೊಳಕ್ಕೇ ಹಿಂದಿರುಗಿಸುತ್ತದೆ. ಸುರಕ್ಷಾಸಾಧನವೇ ಒಂದು ಉಪದ್ರವ, ಅದನ್ನು ತಪ್ಪಿಸಿ ಸಂಪರ್ಕ ಕೊಟ್ಟರೆ ಗೀಸರ್ ನಿರಾತಂಕವಾಗಿ ನಡೆಯುತ್ತದೆ ಎಂಬುದು ಎರಡನೆಯ ಪಕ್ಷ. ಇದನ್ನು ಅನುಭವದ ಮಾತೆಂದು ಗೌರವಿಸುವವರೂ ಇದ್ದಾರೆ, ನಾನು ಗೌರವಿಸಲಾರೆ. ಆಮ್ಲಜನಕ ಸಾಲದೆ ಅರೆಬರೆಯಾಗಿ ಉರಿದ ಗ್ಯಾಸು ಕಾರ್ಬನ್ ಮೊನಾಕ್ಸೈಡನ್ನು ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅದು ಅಂಟಿಕೊಳ್ಳುತ್ತದೆ. ತಲೆನೋವು, ಓಕರಿಕೆ, ತಲೆ ಸುತ್ತು ಅದರ ಮೊದಲ ಲಕ್ಷಣಗಳು; ದೋಣಿಯಲ್ಲಿರುವವರು ಅವನ್ನು ಅಲೆಯ ಓಲಾಟದ ಫಲವೆಂದು ಬಗೆದು ಮಲಗಿಬಿಡುತ್ತಾರೆ. ನಮ್ಮ ದೇಶದ ಮುಚ್ಚಿದ ಬಚ್ಚಲಮನೆಗಳಲ್ಲಿ ಗೀಸರ್ ಉರಿಯುತ್ತಿರುವಾಗಲೇ ಪ್ರಜ್ಞೆ ತಪ್ಪಿದವರ, ಪ್ರಾಣ ಬಿಟ್ಟವರ ಸುದ್ದಿ ಚಳಿಗಾಲಗಳಲ್ಲಿ ಮತ್ತೆ ಮತ್ತೆ ಬಂದಿದೆ. ಇಷ್ಟು ತಿಳಿದೂ ಸಾಧನವನ್ನು ತಪ್ಪಿಸುವವರನ್ನು ಕುಶಲರೆಂದು ಕರೆಯುವುದು ಕೌಶಲಕ್ಕೇ ಅಪಚಾರ.

ಪಟ್ಟಿಯ ಇನ್ನೊಂದು ಮೌನವೂ ಕ್ಷಮಾರ್ಹವಲ್ಲ. ಅಡುಗೆ ಗ್ಯಾಸು ಗಾಳಿಗಿಂತ ಭಾರವಾದದ್ದು; ಸೋರಿದ ಗ್ಯಾಸು ಹರಿಗೋಲಿನ ತಳದಲ್ಲಿ ನೀರು ನಿಲ್ಲುವಂತೆ ದೋಣಿಯ ತಳದಲ್ಲಿ ನಿಂತುಬಿಡುತ್ತದೆ. ಆದರೂ ಹೊತ್ತದಿದ್ದರೆ ಪುನಃ ಪ್ರಯತ್ನಿಸಿ ಎಂದಷ್ಟೇ ಪಟ್ಟಿ ಬೋಧಿಸುತ್ತದೆ. ಮೆಟ್ಟೂರಿನ ಉಷ್ಣವಿದ್ಯುತ್ ಸ್ಥಾವರದಂಥಲ್ಲಿ ಬಾಯ್ಲರುಗಳನ್ನು ನಡೆಸುವವರಿಗೆ, ಬೆಂಕಿ ಹೊತ್ತಿಸುವುದಕ್ಕೆ ಮೊದಲು ಕುಲುಮೆಗೆ ಗಾಳಿ ಹಾಯಿಸಿ ಉಳಿದ ಅನಿಲವನ್ನು ಹೊರಹಾಕುವುದು ವೃತ್ತಿಯ ಪ್ರಥಮ ಪಾಠ. ಸಾವಿರಾರು ಪಟ್ಟು ದೊಡ್ಡ ಕುಲುಮೆಗೆ ವಿಧಿಸಿದ ಶಿಸ್ತನ್ನು ಮನುಷ್ಯರು ಮಲಗುವ ಪುಟ್ಟ ಕೋಣೆಗೆ ನಿರಾಕರಿಸುವುದು ಯಾವ ನ್ಯಾಯ?

ಆದಕಾರಣ ಕ್ರಮವನ್ನೇ ತಿರುಗಿಸಬೇಕು. ಮೊದಲು ಸಿಲಿಂಡರನ್ನು ಮುಚ್ಚಿ, ದೋಣಿಯ ತಳಕ್ಕೆ ಗಾಳಿ ಹಾಯಿಸಬೇಕು. ಬಳಿಕ ಗಾಳಿಕಂಡಿಗಳನ್ನೂ ಹೊಗೆಕೊಳವೆಯನ್ನೂ ನೋಡಬೇಕು. ಗ್ಯಾಸು ಬಿಟ್ಟು ಸಂದುಗಳನ್ನು ಸೋಪಿನ ನೀರಿನಿಂದ, ಎಂದಿಗೂ ಕಡ್ಡಿ ಗೀರದೆ, ಪರೀಕ್ಷಿಸಬೇಕು. ಜ್ವಾಲೆ ನೀಲಿಯೋ ಹಳದಿಯೋ ಎಂದು ಗಮನಿಸಬೇಕು. ಥರ್ಮೋಕಪಲ್ಲಿನ ಸರದಿ ಬರತಕ್ಕದ್ದು ಕಟ್ಟಕಡೆಗೆ. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಕ್ಕೇ ಬಿಡುವ ಮುಚ್ಚಿದ ಗೀಸರುಗಳು ಬಂದಿರುವುದರಿಂದ ಈ ಚರ್ಚೆ ಅನಾವಶ್ಯಕವೆನ್ನುವವರ ಮಾತಿನಲ್ಲಿ ತಥ್ಯವಿದೆ. ಹೊಸದಾಗಿ ಕೊಳ್ಳುವವರು ಅವನ್ನೇ ಕೊಳ್ಳಲಿ. ಆದರೆ ಹಳೆಯ ಗೀಸರುಗಳು ಇನ್ನೂ ಉರಿಯುತ್ತಿರುವಷ್ಟು ಕಾಲ, ಬಿಡಿಭಾಗವನ್ನು ಬದಲಾಯಿಸುವುದನ್ನೇ ರೋಗನಿದಾನವೆಂದು ಕಲಿಸುವ ಪಟ್ಟಿಯನ್ನು ಪ್ರಮಾಣವೆಂದು ಒಪ್ಪಲಾಗದು. ನಿದಾನದ ವಿದ್ಯೆಗೆ ಬೇಕಾದದ್ದು ಆರಿದ ಜ್ವಾಲೆಯನ್ನು ಅಪರಾಧಿಯೆಂದು ದಂಡಿಸುವ ಆತುರವಲ್ಲ, ಸಾಕ್ಷಿಯೆಂದು ವಿಚಾರಿಸುವ ತಾಳ್ಮೆ.