ವೃಷಣದ ಗಂತಿಗಳು: ಹೆಸರಿನ ವಿಮರ್ಶೆ

ಹಾವೇರಿ ಸೀಮೆಯ ಕರ್ಜಗಿಯಂಥ ಊರಿನಲ್ಲಿ ತರಡು ಬಾತವನು ತನ್ನ ಬೇನೆಯನ್ನು 'ಬಾವು' ಎಂಬ ಒಂದೇ ಮಾತಿನಲ್ಲಿ, ಅದೂ ನಾಚಿಕೆಯಿಂದ ತಡವಾಗಿ, ಹೇಳಿಕೊಳ್ಳುವುದುಂಟು. ಓದಿದವರ ಬರಹದಲ್ಲಿಯೂ 'ಅಂಡವೃದ್ಧಿ' ಎಂಬ ಪದವು ಹಲವು ರೋಗಗಳಿಗೆ ಸಲ್ಲುತ್ತಿರುವುದು ವಿಚಾರಾರ್ಹವಾಗಿದೆ.

ಇದು ಪರಂಪರೆಯ ದೋಷವೆನ್ನಲಾಗದು. ಸುಶ್ರುತಸಂಹಿತೆಯ ನಿದಾನಸ್ಥಾನವು ವೃದ್ಧಿಯನ್ನು ಏಳು ಬಗೆಯಾಗಿ ವಿಂಗಡಿಸಿ, ಮೂತ್ರವೃದ್ಧಿ ಅಂತ್ರವೃದ್ಧಿಗಳನ್ನು ಬೇರ್ಪಡಿಸಿದೆ. ಅರ್ಬುದವನ್ನು ಬೇರೊಂದು ಅಧ್ಯಾಯದಲ್ಲಿ ನಿರೂಪಿಸಿದೆ. ಆದರೆ ಆ ವಿಂಗಡಣೆಗೆ ತ್ರಿದೋಷಗಳೂ ಹೊರಲಕ್ಷಣಗಳೂ ಆಧಾರ. ಇಂದಿನದಕ್ಕೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಜೀವಕೋಶವೇ ಆಧಾರ.

ವೃಷಣದ ಗಂತಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನನಕೋಶಗಳಿಂದ ಹುಟ್ಟುವಂಥವು. ಅವುಗಳಲ್ಲಿಯೂ ಹೆಸರು ತಪ್ಪುದಾರಿ ಹಿಡಿಸಬಲ್ಲದು. ಹಿಂದೆ 'ಸ್ಪರ್ಮಟೊಸೈಟಿಕ್ ಸೆಮಿನೋಮ' ಎನಿಸಿಕೊಂಡಿದ್ದುದು ಸೆಮಿನೋಮದ ಕುಲಕ್ಕೆ ಸೇರದು, ಹರಡುವುದೂ ವಿರಳ. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 2016ರ ವರ್ಗೀಕರಣವು ಅದನ್ನು 'ಸ್ಪರ್ಮಟೊಸೈಟಿಕ್ ಗಂತಿ' ಎಂದು ಮರುನಾಮಕರಣ ಮಾಡಿತು.

ಕ್ಯಾನ್ಸರಲ್ಲದ ವಿಕೃತಿಗಳೆಲ್ಲ ನಿರಪಾಯವೆಂದು ತಿಳಿಯುವುದೂ ಸಲ್ಲದು. ಕ್ಷಯದ ಗಂಟು ಗಂತಿಯಂತೆಯೇ ಗಟ್ಟಿಯಾಗಿರಬಹುದು. ವೃಷಣವು ತಿರುಚಿಕೊಂಡಾಗ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ದೊರೆಯದಿದ್ದರೆ ಅದು ಉಳಿಯುವ ಸಂಭವ ಬೇಗನೆ ಕುಗ್ಗುತ್ತದೆ. ದೀಪದ ಬೆಳಕು ಹಾಯುವ ನೀರುಬಾವಿನ ಹಿಂದೆಯೂ ಗಂತಿ ಅಡಗಿರಬಹುದು.

1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಬಳಕೆಗೆ ಬಂದ ಮೇಲೆ, ಹರಡಿದ ಜನನಕೋಶಗಂತಿಯೂ ಬಹುಮಟ್ಟಿಗೆ ಗುಣವಾಗುತ್ತದೆ. ಹೀಗಿರುವಾಗ ಗುಣವಾಗಬಲ್ಲ ರೋಗಿಯನ್ನು 'ಬಾವು' ಎಂಬ ಮಾತಿನಲ್ಲಿಯೇ ನಿಲ್ಲಿಸಿಬಿಡುವುದು ಬರಿಯ ಭಾಷಾದೋಷವಲ್ಲ. ನೋವಿಲ್ಲದ ಗಟ್ಟಿ ಗಂಟಿಗೆ ಕನ್ನಡದಲ್ಲಿ ಬೇರೆಯೇ ಹೆಸರನ್ನು ರೂಢಿಸುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.